ಗೋಣಿಕೊಪ್ಪದ ಶೆಡ್ಡಿನಲ್ಲಿ ಎರಡು ಕೆಂಪು ಕಾರು

ಒಂದೇ ವರ್ಷದವು, ಒಂದೇ ಕೆಂಪು.
ಒಂದರ ಬಾನೆಟ್ಟಿಗೆ ಗಾಳಿ ಕುಡಿಯಲು ಸೀಳು,
ಇನ್ನೊಂದು ನುಣ್ಣಗೆ. ಅದರ ಮೇಲೆ
ಒಣಗಿದ ಕೆಸರಿನಲ್ಲಿ ಬೆಕ್ಕಿನ ಹೆಜ್ಜೆ.

ಮೊಯ್ದು ಕೈ ಒರೆಸಿಕೊಂಡ. "ಅಕ್ಕಾ, ಸೀಳಿರೋದು ಟರ್ಬೊ.
ಒಂದು ಲಕ್ಷ ಎಂಬತ್ತು ಜಾಸ್ತಿ.
ಓಡಿಸಿ ನೋಡಿ, ಆಮೇಲೆ ಮಾತು."

ಹನ್ನೊಂದು ವರ್ಷ ಎಡಗಡೆ ಸೀಟಿನವಳು ನಾನು.
ತೊಡೆಯ ಮೇಲೆ ನೋಟ್ಸು, ಹೆಲ್ಮೆಟ್ಟಿನೊಳಗೆ ನನ್ನದೇ ದನಿ:
ಎಡ ಮೂರು, ಬಿಗಿಯಾಗ್ತದೆ. ಐವತ್ತು.
ಬಲ ಎರಡು, ಒಳಗೆ ಕತ್ತರಿಸಬೇಡ, ಕಲ್ಲಿದೆ.
ಸ್ಟಿಯರಿಂಗ್ ಚೆಂಗಪ್ಪನದು.
ಕಪ್ಪುಗಳೂ ಅವನ ಷೋಕೇಸಿನಲ್ಲೇ.

ಪೆರುಂಬಾಡಿ ದಾಟಿ, ಮಾಕುಟ್ಟಕ್ಕೆ ಇಳಿದು, ತಿರುಗಿ ಹತ್ತಿಸಿದೆ.
ಒತ್ತಿದೆ. ಏನೂ ಇಲ್ಲ.
ಒಂದು ಉಸಿರು. ಬಿದಿರು, ಬಿದಿರು, ಮೈಲಿಗಲ್ಲು.
ಆಮೇಲೆ ಯಾರೋ ಬೆನ್ನಿಗೆ ಎರಡೂ ಅಂಗೈ ಕೊಟ್ಟು ದಬ್ಬಿದ ಹಾಗೆ,
ಒಂದು ಸಣ್ಣ ಸಿಳ್ಳು,
ಹೊಟ್ಟೆ ಹಿಂದಿನ ತಿರುವಿನಲ್ಲೇ ಉಳಿಯಿತು.
ನಕ್ಕೆ, ಜೋರಾಗಿ, ಐವತ್ಮೂರರ ಹೆಂಗಸು, ಒಬ್ಬಳೇ.

ಶೆಡ್ಡಿಗೆ ಬಂದು ಚಾವಿಗೆ ಕೈ ಹಾಕಿದ್ದೇ ತಡ
"ಆರಿಸಬೇಡಿ!" ಮೊಯ್ದು ಓಡಿ ಬಂದ.
"ಎರಡು ನಿಮಿಷ ಹಾಗೇ ಬಿಡಿ, ಒಳಗೆ ಕೆಂಡ ಇದೆ.
ಆಯಿಲ್ ಸುತ್ತಿ ತಣಿಯಬೇಕು, ಇಲ್ಲಾಂದ್ರೆ ಅಲ್ಲೇ ಕರಕಲು."

ಕೂತೆ.
ಚೆಂಗಪ್ಪ ಎಂದೂ ಕೂತವನಲ್ಲ.
ಗೆರೆ ದಾಟಿದ ಕೂಡಲೇ ಬಾಗಿಲು, ಕ್ಯಾಮರಾ, ಹಾರ.
ಟಿಕ್ ಟಿಕ್ ಅನ್ನುವ ಬಿಸಿ ಲೋಹದ ಪಕ್ಕ
ಸೆಕೆಂಡುಗಳನ್ನು ಕೂಡುತ್ತ ಉಳಿದವಳು ನಾನು.
ಎಷ್ಟು ಟರ್ಬೊ ಸತ್ತವೋ ಅವನ ಅವಸರಕ್ಕೆ!
ಕಂಪನಿಯನ್ನು ಬೈದೆವು.

ಇನ್ನೊಂದು, ಟರ್ಬೊ ಇಲ್ಲದ್ದು,
ಕೇಳಿದಾಗಲೇ ಕೊಟ್ಟಿತು, ಕೇಳಿದಷ್ಟೇ.
ಏರಿನಲ್ಲಿ ಎರಡನೇ ಗೇರಿಗೆ ಇಳಿಸಿ ಕೂಗಿಸಬೇಕು,
ಕಾಡೆಲ್ಲ ಗೊತ್ತಾಗುವ ಹಾಗೆ.
ಕಣ್ಣೂರಿನ ಮೀನಿನ ಲಾರಿಯೊಂದು ಹಿಂದೆ ಬಂದು
ದೀಪ ಮಿಣುಕಿಸಿ ದಾರಿ ಕೇಳಿತು.
ಮೀನಿನ ಲಾರಿ!
ಕೊಟ್ಟೆ. ಮುಂದಿನ ತಿರುವನ್ನು ಬಾಯಿಬಿಟ್ಟು ಓದಿದೆ,
ಎಡ ನಾಲ್ಕು, ಉದ್ದ.
ಓದಿದವಳೇ ತಿರುಗಿಸಿದೆ.

ಅದನ್ನೇ ತಂದೆ. ಉಳಿದ ದುಡ್ಡಿಗೆ ನಾಲ್ಕು ಹೊಸ ಟಯರು,
ಮಿಕ್ಕದ್ದು ಎಲ್ಲಿ ಹೋಯಿತೋ.
ಸುಳ್ಳು ಹೇಳಲಾರೆ, ಆ ಸಿಳ್ಳು
ಯಾರ ಪಾಲಾಯಿತೆಂದು ಆಗಾಗ ಮೊಯ್ದುವನ್ನು ಕೇಳುತ್ತೇನೆ.

ರಾತ್ರಿ ಬಿಟ್ಟಂಗಾಲದಲ್ಲಿ ಗೇಟಿನೊಳಗೆ ನಿಲ್ಲಿಸುವಾಗ
ಈ ಎಂಜಿನ್ನಿಗೆ ಬೇಕಾಗಿಲ್ಲ, ಗೊತ್ತು,
ಆದರೂ ಎರಡು ನಿಮಿಷ ಆರಿಸುವುದಿಲ್ಲ.
ಕೂತಿರುತ್ತೇನೆ,
ಬಲಗಡೆ ಸೀಟಿನಲ್ಲಿ.