ಉಚ್ಚರಿಸದ ಅಕ್ಷರ

ಅವನ ಹೆಸರಿನ ನಡುವೆ ಒಂದು ಅಕ್ಷರವಿದೆ,
ಬರೆಯುತ್ತಾರೆ, ನುಡಿಯುವುದಿಲ್ಲ.
ಮೊದಲ ಸಲ ಬಂದಾಗ ನತೇಲಾ ಅದನ್ನೂ ಸೇರಿಸಿ
ಕಾತಲ್ ಎಂದು ಕರೆದುಬಿಟ್ಟಳು.
ಮನೆ ತುಂಬ ನಗು.
ಕಾಹಲ್ ಅನ್ನು ಮಗಳೇ, ಆ ತಕಾರ
ಸುಮ್ಮನೆ ಅಲ್ಲಿ ಕೂತಿರುತ್ತದೆ, ಎಂದಳು
ಅವನ ಸೋದರತ್ತೆ ಬ್ರೀಜ್.

ಊರಿಗೂ ಎರಡು ಹೆಸರು.
ದೆರಿ ಅನ್ನುವವರಿದ್ದಾರೆ,
ಹಿಂದೆ ಲಂಡನ್ ಹಚ್ಚಿ ಕರೆಯುವವರೂ.
ಯಾರು ಏನೆಂದರೂ ಓಗೊಡದೆ
ಫಾಯ್ಲ್ ನದಿ ಹೋಗುತ್ತಿರುತ್ತದೆ.
ಅವನ ಮೇಜಿನ ಖಾನೆಯಲ್ಲಿ ಎರಡು ಪಾಸ್‌ಪೋರ್ಟು:
ಒಂದು ಕಡುನೀಲಿ,
ಒಂದು ಮೇಜುಬಟ್ಟೆಯ ಮೇಲೆ ಚೆಲ್ಲಿದ ದ್ರಾಕ್ಷಾರಸದ ಬಣ್ಣ.
ಎರಡರಲ್ಲೂ ಒಂದೇ ಸಿಡುಕು ಮೋರೆ.

ಎರಡು ದೋಣಿಯಲ್ಲಿ ಕಾಲಿಟ್ಟವ ಮುಳುಗುತ್ತಾನೆ ಅನ್ನುತ್ತಾರೆ.
ಇವನು ಮುಳುಗಲಿಲ್ಲ.
ಹುಟ್ಟಿದಂದಿನಿಂದ ಹಾಗೇ ನಿಂತವನಿಗೆ
ಅದೇ ನೆಲ.
ಒದ್ದೆಯಾದವಳು ಇವಳು.

ಮೀನು ಕರಿಯುವ ಅಂಗಡಿಯ ಮಹಡಿಯಲ್ಲಿ
ಸಲಹೆ ಕೊಡುವ ಡಿಂಪ್ನಾ, ಎಣ್ಣೆ ವಾಸನೆಯ ನಡುವೆ
ಕನ್ನಡಕ ಏರಿಸಿ ಕೇಳಿದಳು:
ಇವನು ಯಾವನಾಗಿ ನಿನ್ನನ್ನು ಮದುವೆಯಾದ?
ನೀಲಿಯವನಾಗಿ ಅಂದರೆ ಇಗೋ ಈ ದಾರಿ,
ಸಂಬಳಕ್ಕೆ ಇಷ್ಟು ಸೊನ್ನೆ, ಭಾಷೆಗೊಂದು ಪರೀಕ್ಷೆ,
ಬಾರದ ಕಾಯಿಲೆಗೆ ಮುಂಗಡ ಶುಲ್ಕ,
ಎರಡೂವರೆ ವರ್ಷ, ಆಮೇಲೆ ಇನ್ನೊಂದು ಎರಡೂವರೆ,
ಬಾಡಿಗೆ ಕರಾರಿನ ಹಾಗೆ
ನವೀಕರಿಸುವ ಹೆಂಡತಿತನ.
ಇನ್ನೊಬ್ಬನಾಗಿ ಅಂದರೆ
ನಾಲ್ಕು ಮೈಲಿ ಆಚೆ ಮನೆ ಮಾಡಿ.
ಆಚೆ ಕಾಲಿಡಲು ಮೊದಲು ಆಚೆಯ ವೀಸಾ.
ಈಚೆಯ ವೃದ್ಧಾಶ್ರಮದ ರಾತ್ರಿಪಾಳಿಗೆ ಮರಳಲು
ಮತ್ತೆ ಈಚೆಯ ಅಪ್ಪಣೆ.

ಅತ್ತ ದರಿ, ಇತ್ತ ಪುಲಿ.
ದರಿಗೆ ಒಂದು ಎತ್ವ ಕೊಟ್ಟರೆ ಈ ಊರೇ ಆಯಿತು.
ಪುಲಿ ಎಲ್ಲಿದೆ?
ಗೇಟಿಲ್ಲ, ಕಾವಲಿಲ್ಲ, ಒಂದು ಹಗ್ಗವೂ ಇಲ್ಲ.
ಮೈಲಿ ಎನ್ನುತ್ತಿದ್ದ ಫಲಕಗಳು
ಹಠಾತ್ತನೆ ಕಿಲೋಮೀಟರ್ ಅನ್ನತೊಡಗುತ್ತವೆ,
ರಸ್ತೆಯಂಚಿನ ಗೆರೆ ಹಳದಿಗೆ ತಿರುಗುತ್ತದೆ, ಅಷ್ಟೆ.
ಬರೆದಿದೆ. ಯಾರೂ ನುಡಿಯುವುದಿಲ್ಲ.

ಪುರಾವೆ ಕೂಡಿಹಾಕಿ, ಎಂದಳು ಡಿಂಪ್ನಾ.
ಇಬ್ಬರ ಹೆಸರಿನ ಕರೆಂಟು ಬಿಲ್ಲು,
ಕುತಾಯಿಸಿಯಲ್ಲಿ ಅಪ್ಪನ ಬಳ್ಳಿಚಪ್ಪರದಡಿ ತೆಗೆದ ಫೋಟೋ,
ಎರಡು ವರ್ಷದ ಮೆಸೇಜುಗಳ ಅಚ್ಚುಪ್ರತಿ:
ಹಾಲು ಇದೆಯಾ. ಇದೆ. ಬೀಗ ಹಾಕಿದೆಯಾ. ಹೂಂ.
ಹದಿಮೂರನೇ ಪುಟದಲ್ಲಿ ಒಂದು ಜಗಳ.
ಅದನ್ನು ತೆಗೆದುಬಿಡಿ ಎಂದ ಕಾಹಲ್.
ಇರಲಿ ಬಿಡಿ, ಎಂದಳು ಅವಳು,
ಇಷ್ಟು ಕೆಟ್ಟದಾಗಿ ಯಾರೂ ನಟಿಸುವುದಿಲ್ಲ.

ನವೆಂಬರಿನಲ್ಲಿ ಬ್ರೀಜ್ ಅತ್ತೆ ತೀರಿಕೊಂಡಳು. ಆಚೆ.
ನತೇಲಾ ರಾತ್ರಿಯಿಡೀ ಅಕ್ರೋಟು ಅರೆದು
ಬದನೆ ಹೋಳುಗಳಲ್ಲಿ ಸುತ್ತಿ,
ದಾಳಿಂಬೆ ಕಾಳು ಉದುರಿಸಿ,
ಕಬ್ಬಿಣದ ಅಗಲ ತಟ್ಟೆ ಅವನ ಕೈಗಿತ್ತಳು.
ಕೊನೆಯ ಬಸ್‌ಸ್ಟಾಪಿನವರೆಗೆ ಜೊತೆಗೆ ಹೋದಳು.
ಅಲ್ಲಿಂದ ಮುಂದಕ್ಕೆ
ಅವನು ಹೋದ, ತಟ್ಟೆ ಹೋಯಿತು,
ಯಾರದೋ ನಾಯಿಯೊಂದು
ಆಚೆ ಹೋಗಿ ಕಾಲೆತ್ತಿ ಈಚೆ ಬಂತು.
ಬಾ, ಯಾರು ನೋಡುತ್ತಾರೆ, ಎಂದಿದ್ದ ಅವನು.
ನೋಡುವವರಿದ್ದಿದ್ದರೆ ಬರುತ್ತಿದ್ದಳೇನೋ,
ಕೇಳಿ, ಬೇಡಿ, ಅತ್ತು.
ಇಲ್ಲದವರನ್ನು ಹೇಗೆ ಕೇಳುವುದು?
ಗಂಟೆ ಮಾತ್ರ ಕೇಳಿಸಿತು,
ಗಾಳಿ ಆ ಕಡೆಯಿಂದಿತ್ತು.

ಸಂಜೆ ಅವನು ತಟ್ಟೆ ತಂದ.
ತೊಳೆದು ಒರೆಸಿದ್ದರು.
ಒಳಗೆ ಬಟ್ಟೆ ಸುತ್ತಿದ ಸೋಡಾ ಬ್ರೆಡ್ಡು:
ಬರಿಯ ಪಾತ್ರೆ ಮರಳಿಸಬಾರದೆಂಬುದು
ಅಲ್ಲಿಯ ಹೆಂಗಸರಿಗೂ ಗೊತ್ತು.
ಚೀಟಿಯಲ್ಲಿ ಇವಳ ಹೆಸರು,
ಒಂದು ಅಕ್ಷರ ಹೆಚ್ಚಾಗಿ.

ಫೈಲು ಮೇಜಿನ ಮೇಲೆ ತೆರೆದೇ ಇತ್ತು.
ಇದನ್ನು ಎಷ್ಟನೇ ನಂಬರಿಗೆ ಸೇರಿಸುವುದು? ಎಂದಳು.
ಅವನು ಬೆಣ್ಣೆ ತಂದ.
ಒಬ್ಬರ ಮುಖ ಒಬ್ಬರು ನೋಡದೆ
ಪುರಾವೆಯನ್ನು
ಚೂರೂ ಉಳಿಸದೆ ತಿಂದರು.