ಟೋಪಿಯ ಅಂಚು

ನಮ್ಮ ಮನೆಯಲ್ಲಿ ಎವರಿಸ್ತೊಗೆ ಹನ್ನೊಂದೇ ಮಾತು.
ಎಲ್ಲ ಕೈಯವು, ಎಲ್ಲ ಅವನೇ ಮಾಡಿಕೊಂಡವು.
ಅಂಗೈ ತಟ್ಟಿದರೆ ಮೆಕ್ಕೆಜೋಳದ ರೊಟ್ಟಿ,
ಗದ್ದ ಎಳೆದರೆ ಮೇಕೆ,
ಹಣೆಯ ಮೇಲೆ ಬೆರಳು ಗೀರಿದರೆ ಟೋಪಿಯ ಅಂಚು,
ಅಂದರೆ ಅಪ್ಪ.
ನಾಳೆಗೆ ಬೆರಳಿರಲಿಲ್ಲ. ಯಾಕೆ ಎನ್ನುವುದಕ್ಕೂ.

ಅಪ್ಪ ಬೆಟ್ಟದ ಕಡೆ ಯುದ್ಧಕ್ಕೆ ಹೋದ.
ಮತಗಾಲ್ಪದಿಂದ ಸುದ್ದಿ ಬಂದ ರಾತ್ರಿ
ಅಮ್ಮನೂ ನಾನೂ ಅವನೆದುರಿಗೇ ಅತ್ತೆವು,
ಈರುಳ್ಳಿ ಹೆಚ್ಚುತ್ತ.
ಕಿವುಡು ಕೂಸು, ಒಂಬತ್ತು ವರ್ಷ, ಅವನಿಗೇನು ತಿಳಿದೀತು
ಎಂದೆವು, ದನಿ ತಗ್ಗಿಸದೆಯೇ.
ಅಂದಿನಿಂದ ಅವನು ಹಣೆ ಗೀರಲಿಲ್ಲ.
ಮರೆತ, ಎಂದಳು ಅಮ್ಮ. ಪುಣ್ಯವಂತ.

ಆಮೇಲೆ ಮನಾಗುವಾದ ಶಾಲೆ.
ಮೇಷ್ಟರು ತುಟಿ ಓದಲು ಕಲಿಸಿದರು, ಯಾರೂ ಕಲಿಯಲಿಲ್ಲ.
ಕಲಿತದ್ದೆಲ್ಲ ಬಸ್ಸಿನ ಹಿಂದಿನ ಸೀಟಿನಲ್ಲಿ:
ಇವನ ಮೇಕೆ ಅವಳ ಮೇಕೆಯೊಡನೆ ಹಾದಾಡಿ
ಎರಡೂ ಅಲ್ಲದ ಮೂರನೆಯ ಮೇಕೆ ಹುಟ್ಟಿತು,
ಅದು ಎಲ್ಲರದೂ ಆಯಿತು.
ರಜೆಗೆ ಬಂದವನ ಕೈ ಓಡುತ್ತಿತ್ತು;
ಅಮ್ಮ ಅದನ್ನು ಹಿಡಿದು ನಿಲ್ಲಿಸಿ ಮುತ್ತಿಟ್ಟಳು.
ಆಕೆಗೆ ತಿಳಿದದ್ದು ರೊಟ್ಟಿಯೊಂದೇ.

ಈಗವನಿಗೆ ಮೂವತ್ತೆರಡು. ಬಡಗಿ.
ನಿನ್ನೆ ಕಿವುಡರ ಸಂಘದಲ್ಲಿ
ಯಾದಿರಾ ಎಂಬ ಎಂಟು ವರ್ಷದ ಪೋರಿ
ಅವನಿಗೊಂದು ಹೊಸ ಮಾತು ಕೊಟ್ಟಳಂತೆ:
ಕಣತಲೆಗೆ ಎರಡು ಬೆರಳು, ಅಲ್ಲಿಂದ ಗಾಳಿಗೆ ಜಾರಿ.
ಅಂದುಕೊಂಡಿದ್ದೆ, ಹಾಗಿರಲಿಲ್ಲ.
ದೊಡ್ಡವರ ಕೈಯಲ್ಲಿ ಇರಲೇ ಇಲ್ಲ ಅದು,
ಮಕ್ಕಳು ಆಡುತ್ತ ಆಡುತ್ತ ಕಂಡುಕೊಂಡದ್ದು.
ನನಗೆ ತಿಳಿಸಲು ಅವನಿಗೆ ಒಂದು ಗಂಟೆ ಹಿಡಿಯಿತು,
ಮೊಳೆ ಡಬ್ಬಿಯನ್ನು ಅಲ್ಲಿ ಇಲ್ಲಿ ಬಚ್ಚಿಟ್ಟು, ನನ್ನಿಂದ ಹುಡುಕಿಸಿ, ನಕ್ಕು.

ಆಮೇಲೆ ನಗು ನಿಲ್ಲಿಸಿದ.
ಹಣೆ ಗೀರಿದ. ಇಪ್ಪತ್ತಮೂರು ವರ್ಷದ ಮೇಲೆ.
ಗಾಳಿಯಲ್ಲಿ ಈರುಳ್ಳಿ ಹೆಚ್ಚಿದ. ನನ್ನನ್ನು ತೋರಿಸಿದ.
ಕಣತಲೆ, ಎರಡು ಬೆರಳು, ಗಾಳಿ.

ನನಗೆ ತಿಳಿದಿಲ್ಲ ಎಂದು ನೀನು ಅಂದುಕೊಂಡಿದ್ದೆ.

ಇಷ್ಟು ದಿನ ಎಲ್ಲಿತ್ತು ಅದು?
ಒಂಬತ್ತರ ಹುಡುಗನೊಳಗೆ ಹೆಸರಿಲ್ಲದೆ
ತನ್ನಷ್ಟಕ್ಕೆ ತಾನೇ ಬೆಳೆಯಿತೇ,
ಇಲ್ಲ, ಆ ಪೋರಿಯ ಎರಡು ಬೆರಳು ನಿನ್ನೆ ಸಂಜೆ
ಹಿಂದಕ್ಕೆ ನಡೆದು ಹೋಗಿ
ಆ ಅಡುಗೆಮನೆಯಲ್ಲಿ ಅದನ್ನು ಇಟ್ಟು ಬಂದವೇ?
ಅವನನ್ನೇ ಕೇಳಬೇಕು.
ಹನ್ನೊಂದು ಮಾತಿನಲ್ಲಿ ಕೇಳಲಾಗದು.

ನಾನೂ ಕಣತಲೆಗೆ ಬೆರಳೆತ್ತಿದೆ. ತಪ್ಪಾಯಿತು.
ಅವನು ನನ್ನ ಹೆಬ್ಬೆರಳು ಹಿಡಿದು,
ಸೊಟ್ಟ ಮೊಳೆ ನೆಟ್ಟಗೆ ಮಾಡುವವನ ಹಾಗೆ,
ಸ್ವಲ್ಪ ಒಳಕ್ಕೆ ಮಡಚಿದ.
ಸಾರು ಆರಿತ್ತು. ಮತ್ತೆ ಒಲೆಗಿಟ್ಟೆವು.