ಮೂರನೇ ಪಾಳಿ

ಎಪ್ಪತ್ಮೂರನೇ ಇಸವಿ, ಕಬ್ಬು ಅರೆಯೋ ಕಾಲ.
ಮಂಡ್ಯದ ಸಕ್ಕರೆ ಕಂಪನಿ ಕ್ಲಬ್ಬಿನ ಕೇರಂ ಕೋಣೆ,
ಕಿಟಕಿಗೆಲ್ಲ ಕಂಬಳಿ ಜಡಿದೆವು.
ಲ್ಯಾಬಿನ ಸಿಪ್ರಿಯನ್, ಬೆರಳಲ್ಲಿನ್ನೂ ಕಾಕಂಬಿ ವಾಸನೆ,
ಗಿಟಾರು ತೊಡೆಗಿಟ್ಟು
"ಸ್ಪೂಲು ತಿರುಗಿಸು ಮರಿಗೌಡ" ಅಂದ.

ಯಾವ ರಾಗ ಇದು?
"ಜಾಝ್ ಕಣಯ್ಯ. ಮುಂದಿನ ಸ್ವರ ನಂಗೂ ಗೊತ್ತಿಲ್ಲ."

ಮೂರನೆಯದು ಅರ್ಧಕ್ಕೆ ಬಂದಿತ್ತು,
ಪಾಳಿಯ ಸೈರನ್ನು ಕೂಗಿತು.
ಕೆಟ್ಟಿತು ಅಂತ ಗುಂಡಿಗೆ ಕೈ ಹಾಕಿದೆ.
ಬೇಡ ಅಂತ ತಲೆಯಾಡಿಸಿದ;
ತಂತಿ ಜಗ್ಗಿ ಜಗ್ಗಿ ಆ ಕೂಗಿನ ಎತ್ತರ ಮುಟ್ಟಿ
ಅಲ್ಲಿಂದಲೇ ಇಳಿದ,
ಕೆಲಸ ಮುಗಿಸಿ ಸೈಕಲ್ಲು ತಳ್ಳಿಕೊಂಡು ಹೋಗುವವನ ಹಾಗೆ.

ಮದರಾಸಿನವರು ಟೇಪು ವಾಪಸು ಕಳಿಸಿದರು: ಗದ್ದಲವಿದೆ.
ನಲವತ್ತೊಂಬತ್ತು ವರ್ಷ ನನ್ನ ಹೆಂಡತಿಯ ಟ್ರಂಕಿನಲ್ಲಿ
ಧಾರೆ ಸೀರೆ, ನುಸಿಗುಳಿಗೆ, ಅದು.

ಸದ್ದು ಒರೆಸುವ ಹುಡುಗ ಫೋನಿನಲ್ಲಿ ಕೇಳಿದ್ದ,
ಸೈರನ್ ತೆಗೆದುಬಿಡಲಾ ಸರ್?
ತೆಗೆದರೆ ಅವನು ಎಲ್ಲಿಂದ ಇಳೀಬೇಕಪ್ಪಾ, ಅಂದೆ.

ನಿನ್ನೆ ಕೊರಿಯರಿನಲ್ಲಿ ಬಂತು ಕಪ್ಪು ತಟ್ಟೆ.
ಹೊದಿಕೆ ಮೇಲೆ ಅವನು, ಇಪ್ಪತ್ತೆಂಟರಲ್ಲೇ ನಿಂತವನು.

ನಮ್ಮನೇಲಿ ಅದನ್ನ ಹಾಕೋ ಪೆಟ್ಟಿಗೆ ಇಲ್ಲ.
ಬೆಳಕಿಗೆ ಹಿಡಿದು ಗೆರೆ ನೋಡುತ್ತಿದ್ದೇನೆ,
ಮೂರನೆಯದು ಯಾವುದು ಅಂತ.